ಯಾರ ಮನೆಯವಳು ಎಂದು ಕೇಳದೆ

ನಮ್ಮ ಕರಾವಳಿಯಲ್ಲಿ ಹೊಸಬರೊಡನೆ ಮಾತು ಆರಂಭವಾಗುವುದೇ ಊರು ಮತ್ತು ಮನೆಯ ವಿಚಾರಣೆಯಿಂದ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು, ಮದುವೆ ಊಟದ ಪಂಕ್ತಿಯಲ್ಲಿ ಜೊತೆಯಾದವರು, ಅಂಗಡಿಯವರು, ಎಲ್ಲರೂ ‘ನಿಮಗೆ ಎಲ್ಲಿ ಆಯಿತು?’ ಎಂದು ಕೇಳುತ್ತಾರೆ. ಕಾರ್ಕಳ ಎಂದರೆ ಕಾರ್ಕಳದಲ್ಲಿ ಎಲ್ಲಿ, ಯಾರ ಮನೆ, ಇಂಥವರು ನಿಮಗೇನಾಗಬೇಕು ಎಂದು ಮುಂದುವರಿದು, ಇಬ್ಬರಿಗೂ ಗೊತ್ತಿರುವ ಒಬ್ಬರ ಹೆಸರು ಸಿಗುವವರೆಗೆ ಬಿಡುವುದಿಲ್ಲ. ಇದು ಆತ್ಮೀಯತೆಯ ರೀತಿ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ತಿಂಗಳು ತಪ್ಪಿದೆ ಎಂದು ಹೇಳಲು ಬಂದ ಇಪ್ಪತ್ತರ ಹುಡುಗಿಯನ್ನು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಿಸ್ಟರ್ ಒಬ್ಬರು ಅಷ್ಟೇ ಪ್ರೀತಿಯಿಂದ ‘ಯಾರ ಮನೆಯವಳು ಮಗಾ ನೀನು?’ ಎಂದು ಕೇಳಿದರೆ, ಆ ಹುಡುಗಿ ಹೊಟ್ಟೆನೋವೆಂದು ಹೇಳಿ ಮಾತ್ರೆ ತೆಗೆದುಕೊಂಡು ಹೊರಟುಹೋಗುತ್ತಾಳೆ.

ಮಂಗಳೂರಿನ ನರ್ಸಿಂಗ್ ಕಾಲೇಜೊಂದರಲ್ಲಿ ಪ್ರಸೂತಿ ಶುಶ್ರೂಷೆಯನ್ನು ಕಲಿಸುತ್ತ, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಆಶಾ ಕಾರ್ಯಕರ್ತೆಯರ ಮತ್ತು ಉಪಕೇಂದ್ರಗಳ ಸಿಸ್ಟರ್‌ಗಳ ತರಬೇತಿಗಳಲ್ಲಿ ಬಹುಕಾಲದಿಂದ ತೊಡಗಿಕೊಂಡಿರುವ ನನಗೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಬಂದಿರುವ ಅಭಿಪ್ರಾಯವೊಂದಿದೆ. ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯದ ವಿಷಯದಲ್ಲಿ ನಾವು ಔಷಧಿಯನ್ನು, ಉಪಕರಣವನ್ನು, ಕಾನೂನನ್ನು ಕಲಿಸುತ್ತೇವೆ. ಮೊದಲ ಮೂರು ನಿಮಿಷದ ಮಾತನ್ನು ಮಾತ್ರ ಕಲಿಸುವುದಿಲ್ಲ. ಅದು ಸ್ವಭಾವಕ್ಕೆ, ಅನುಭವಕ್ಕೆ, ಒಳ್ಳೆಯ ಮನಸ್ಸಿಗೆ ಬಿಟ್ಟ ಸಂಗತಿ ಎಂದು ತಿಳಿದಿದ್ದೇವೆ. ಆದರೆ ಒಳ್ಳೆಯ ಮನಸ್ಸಿನಿಂದಲೇ ಎಷ್ಟೋ ಬಾಯಿಗಳು ಮುಚ್ಚಿಹೋಗುವುದನ್ನು ನಾನು ಕಂಡಿದ್ದೇನೆ. ನರ ಹುಡುಕಿ ಸೂಜಿ ಹಾಕುವುದನ್ನು ಹೇಗೆ ಕೈಹಿಡಿದು ಕಲಿಸಿ, ಎದುರಿಗೆ ಮಾಡಿಸಿ ನೋಡಿ, ಸರಿಯಾಗುವವರೆಗೆ ಮತ್ತೆ ಮಾಡಿಸುತ್ತೇವೆಯೋ, ಈ ಮಾತನ್ನೂ ಹಾಗೆಯೇ ಕಲಿಸಬೇಕು.

ಮಾಹಿತಿಯ ಮಟ್ಟಿಗೆ ನಮ್ಮ ತರಬೇತಿಗಳು ಬಡವಾಗಿಲ್ಲ. 1880ರಲ್ಲಿ ಕಂಕನಾಡಿಯಲ್ಲಿ ಆರಂಭವಾದ ಫಾದರ್ ಮುಲ್ಲರ್ ಆಸ್ಪತ್ರೆಯಿಂದ ಮೊದಲ್ಗೊಂಡು, 1953ರ ಕಸ್ತೂರ್ಬಾ ಮೆಡಿಕಲ್ ಕಾಲೇಜು, ಆಮೇಲೆ ದೇರಳಕಟ್ಟೆಯ ಗುಡ್ಡದ ಮೇಲೆ ಎದ್ದ ವಿಶ್ವವಿದ್ಯಾಲಯಗಳವರೆಗೆ, ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟು ಮಂದಿ ವೈದ್ಯರನ್ನೂ ದಾದಿಯರನ್ನೂ ತಯಾರು ಮಾಡುವ ಊರುಗಳು ದೇಶದಲ್ಲಿಯೇ ವಿರಳ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದ ಆಶಾ ಕಾರ್ಯಕರ್ತೆಯರಿಗೆ ಒಂದರ ಹಿಂದೊಂದರಂತೆ ತರಬೇತಿ ಪುಸ್ತಕಗಳು ಬಂದಿವೆ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದ ಐದನೇ ಸೆಮಿಸ್ಟರಿನಲ್ಲಿ ಫೊರೆನ್ಸಿಕ್ ನರ್ಸಿಂಗ್ ಮತ್ತು ಭಾರತೀಯ ಕಾನೂನುಗಳ ಪರಿಚಯವೂ ಸೇರಿದೆ. ಯಾವುದೇ ತಾಲ್ಲೂಕಿನ ತರಬೇತಿಯಲ್ಲಿ ಗರ್ಭನಿರೋಧಕಗಳ ಬಗ್ಗೆ ಕೇಳಿ ನೋಡಿ: ಕಾಪರ್-ಟಿ 380ಎ ಹತ್ತು ವರ್ಷ, 375 ಐದು ವರ್ಷ, ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ, ಛಾಯಾ ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆರಡು ಮತ್ತು ಆಮೇಲೆ ವಾರಕ್ಕೊಂದು, ತುರ್ತು ಗರ್ಭನಿರೋಧಕ ಮಾತ್ರೆ 72 ಗಂಟೆಯೊಳಗೆ ಎಂದು ಎಲ್ಲವನ್ನೂ ಬಾಯಿಪಾಠ ಒಪ್ಪಿಸುತ್ತಾರೆ. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೆಚ್ಚಿರುವುದು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು. ಗಂಡಸರ ಶಸ್ತ್ರಚಿಕಿತ್ಸೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಇದಕ್ಕೆ ಕಾರಣಗಳು ಅನೇಕ. ಆದರೆ ಬುಟ್ಟಿಯಲ್ಲಿ ಏಳೆಂಟು ವಿಧಾನಗಳಿದ್ದೂ ಎರಡನೇ ಹೆರಿಗೆಯ ಹೊತ್ತಿಗೆ ‘ಆಪರೇಷನ್ ಮಾಡಿಸಿಬಿಡಿ’ ಎಂಬ ಒಂದೇ ಮಾತು ಕೇಳಿಸಿಕೊಂಡ ಹೆಂಗಸರು ನಮ್ಮ ಸುತ್ತಮುತ್ತ ಎಷ್ಟಿದ್ದಾರೆ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು.

ಕೌಶಲ ಪ್ರಯೋಗಾಲಯದಲ್ಲಿ ನಡೆಯುವ ಒಂದು ಪರೀಕ್ಷೆಯನ್ನು ಹತ್ತಿರದಿಂದ ನೋಡೋಣ. ಮೇಜಿನ ಮೇಲೆ ಕಿಬ್ಬೊಟ್ಟೆಯ ರಬ್ಬರಿನ ಮಾದರಿ, ಪಕ್ಕದಲ್ಲಿ ಒಳಪರೀಕ್ಷೆಗೆ ಯೋನಿಯನ್ನು ಅಗಲಿಸುವ ಉಪಕರಣವಾದ ಸ್ಪೆಕ್ಯುಲಮ್, ಕೈಗವಸು, ಪರೀಕ್ಷಕರ ಕೈಯಲ್ಲಿ ಅಂಕಪಟ್ಟಿ. ಪಟ್ಟಿಯ ಮೊದಲ ಸಾಲಿನಲ್ಲಿ ‘ವಿಧಾನವನ್ನು ವಿವರಿಸಿ ಒಪ್ಪಿಗೆ ಪಡೆಯುತ್ತಾರೆ’ ಎಂದಿದೆ. ವಿದ್ಯಾರ್ಥಿನಿ ಒಳಬಂದು ಒಂದೇ ಉಸಿರಿನಲ್ಲಿ ‘ಅಮ್ಮಾ ನಾನು ನಿಮಗೆ ಒಳಪರೀಕ್ಷೆ ಮಾಡುತ್ತೇನೆ, ಆಯಿತಲ್ಲಾ’ ಎನ್ನುತ್ತಾಳೆ; ರಬ್ಬರ್ ಮಾದರಿ ಉತ್ತರಿಸುವುದಿಲ್ಲ; ಅವಳಿಗೆ ಅಂಕ ಸಿಗುತ್ತದೆ. ಒಂದು ಬಾರಿ ನಾವು ಇದನ್ನು ಬದಲಾಯಿಸಿ, ಮಾತುಕತೆಯ ಭಾಗಕ್ಕೆ ಮಾದರಿಯ ಬದಲು ನಾಟಕದ ಅನುಭವವಿದ್ದ ಮಹಿಳೆಯೊಬ್ಬರನ್ನು ಕೂರಿಸಿದೆವು. ವಿದ್ಯಾರ್ಥಿನಿ ಅದೇ ವಾಕ್ಯವನ್ನು ಹೇಳಿದಾಗ ಅವರು ಮೆಲ್ಲಗೆ ‘ಈಗ ಬೇಡ ಸಿಸ್ಟರ್’ ಎಂದರು. ವಿದ್ಯಾರ್ಥಿನಿ ಒಮ್ಮೆ ಅಂಕಪಟ್ಟಿಯನ್ನು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ‘ಏನೂ ನೋವಾಗುವುದಿಲ್ಲ, ಎರಡೇ ನಿಮಿಷ’ ಎಂದು ಗವಸು ಹಾಕಿಕೊಳ್ಳತೊಡಗಿದಳು. ಅವಳು ಕೆಟ್ಟವಳಲ್ಲ, ತರಗತಿಯ ಚುರುಕಾದ ವಿದ್ಯಾರ್ಥಿನಿಯರಲ್ಲಿ ಒಬ್ಬಳು. ಬೇಡ ಎಂಬ ಉತ್ತರ ಬಂದರೆ ಏನು ಮಾಡಬೇಕೆಂಬುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಕೆಲವು ದಿನಗಳ ಅಭ್ಯಾಸದ ನಂತರ ಅವಳೇ ಗವಸನ್ನು ಕೆಳಗಿಟ್ಟು, ಸ್ಟೂಲ್ ಎಳೆದುಕೊಂಡು, ಮಲಗಿದವರ ಕಣ್ಣಿನ ಮಟ್ಟಕ್ಕೆ ಕುಳಿತು ‘ಹಿಂದೆ ಯಾವಾಗಲಾದರೂ ಪರೀಕ್ಷೆಯಲ್ಲಿ ತೊಂದರೆಯಾಗಿತ್ತಾ?’ ಎಂದು ಕೇಳುವಂತಾದಳು. ಸ್ಪೆಕ್ಯುಲಮನ್ನು ಮೊದಲು ತೋರಿಸುವುದು, ತಣ್ಣಗಿದ್ದರೆ ಬಿಸಿನೀರಿನಲ್ಲಿ ಬೆಚ್ಚಗೆ ಮಾಡುವುದು, ಮುಟ್ಟುವ ಮೊದಲು ಮುಟ್ಟುತ್ತೇನೆಂದು ಹೇಳುವುದು, ನಿಲ್ಲಿಸಿ ಎಂದರೆ ನಿಲ್ಲಿಸುವುದು, ಇವೆಲ್ಲ ಔದಾರ್ಯದ ಮಾತಲ್ಲ. ಇವು ತಂತ್ರದ ಭಾಗ, ಮತ್ತು ತಂತ್ರವನ್ನು ಕಲಿಸಲು ಬರುತ್ತದೆ.

ಯಾರ ಮನೆಯವಳು ಎಂದಾದ ಮೇಲೆ ಬರುವ ಎರಡನೆಯ ಪ್ರಶ್ನೆ ‘ಮದುವೆ ಆಗಿದೆಯಾ?’ ಎಂಬುದು. ಯಾವ ಪ್ರಶ್ನೆಯ ಹಿಂದೆ ಚಿಕಿತ್ಸೆಯ ಕಾರಣವಿದೆ, ಯಾವುದರ ಹಿಂದೆ ಕುತೂಹಲ ಮಾತ್ರ ಇದೆ ಎಂಬ ವಿವೇಚನೆಯನ್ನು ನಾನು ತರಬೇತಿಯ ಕೇಂದ್ರಕ್ಕೆ ತರಲು ಬಯಸುತ್ತೇನೆ. ಕೊನೆಯ ಮುಟ್ಟು ಯಾವಾಗ, ಗರ್ಭನಿರೋಧಕ ಬಳಸಿದ್ದೀರಾ, ನೋವಿದೆಯಾ, ಯಾರಾದರೂ ಬಲವಂತ ಮಾಡಿದ್ದಾರಾ, ಇವುಗಳಿಗೆ ಕಾರಣವಿದೆ. ಮದುವೆಯ ಪ್ರಶ್ನೆಗೆ ಬಹಳಷ್ಟು ಸಂದರ್ಭಗಳಲ್ಲಿ ಕಾರಣವಿಲ್ಲ. ಕಾನೂನು ಕೂಡ ಈ ಕಡೆಗೇ ಸಾಗಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದಾಗ, ಗರ್ಭನಿರೋಧಕ ವಿಫಲವಾದ ಸಂದರ್ಭಕ್ಕೆ ಸಂಬಂಧಿಸಿದ ವಿವರಣೆಯಲ್ಲಿದ್ದ ವಿವಾಹಿತ ಮಹಿಳೆ ಮತ್ತು ಆಕೆಯ ಗಂಡ ಎಂಬ ಮಾತುಗಳು ಹೋಗಿ, ಮಹಿಳೆ ಮತ್ತು ಆಕೆಯ ಸಂಗಾತಿ ಎಂಬ ಮಾತುಗಳು ಬಂದವು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, 20ರಿಂದ 24 ವಾರಗಳ ಅವಧಿಯ ಗರ್ಭಪಾತದ ಅವಕಾಶವನ್ನು ಅವಿವಾಹಿತರಿಗೆ ನಿರಾಕರಿಸುವಂತಿಲ್ಲ ಎಂದು ತೀರ್ಪು ನೀಡಿತು. ಹದಿನೆಂಟು ತುಂಬಿದ ಹೆಣ್ಣಿನ ಗರ್ಭಪಾತಕ್ಕೆ ಆಕೆಯ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಬೇಕೆಂದು ಯಾವ ಕಾಯ್ದೆಯೂ ಹೇಳಿಲ್ಲ. ಆದರೂ ಗಂಡನನ್ನು ಕರೆದುಕೊಂಡು ಬಾ ಎಂದು ಹಿಂದೆ ಕಳುಹಿಸಿದ ಹೆಣ್ಣುಮಕ್ಕಳ ಕಥೆಗಳು ತರಬೇತಿಗಳಲ್ಲಿ ಕೇಳಿಬರುತ್ತಲೇ ಇರುತ್ತವೆ, ಮತ್ತು ಹಾಗೆ ಕಳುಹಿಸಿದವರು ಅದನ್ನು ನಿಯಮವೆಂದೇ ನಂಬಿರುತ್ತಾರೆ.

ಇದೇ ಕಾಯ್ದೆಯ ನಿಬಂಧನೆಗಳಲ್ಲಿರುವ ಒಂದು ವ್ಯವಸ್ಥೆಯನ್ನು ನಾನು ತರಗತಿಯಲ್ಲಿ ಬಹಳ ಹೊತ್ತು ತೆಗೆದುಕೊಂಡು ವಿವರಿಸುತ್ತೇನೆ. ಗರ್ಭಪಾತಕ್ಕೆ ದಾಖಲಾದವರ ಹೆಸರು ಇರುವ ಪ್ರತ್ಯೇಕ ದಾಖಲಾತಿ ಪುಸ್ತಕವು ರಹಸ್ಯ ದಾಖಲೆ. ಉಳಿದ ಕಾಗದಪತ್ರಗಳಲ್ಲಿ ಹೆಸರಿನ ಬದಲು ಆ ಪುಸ್ತಕದ ಕ್ರಮಸಂಖ್ಯೆ ಇರಬೇಕು. ಒಪ್ಪಿಗೆಪತ್ರವನ್ನೂ ವೈದ್ಯರ ಅಭಿಪ್ರಾಯಪತ್ರವನ್ನೂ ಲಕೋಟೆಯಲ್ಲಿಟ್ಟು, ಮೊಹರು ಮಾಡಿ, ಮೇಲೆ ‘ರಹಸ್ಯ’ ಎಂದು ಬರೆದು ಕಾಪಾಡಬೇಕು. ಶಾಸನವನ್ನು ರೂಪಿಸಿದವರಿಗೆ ಒಂದು ಹೆಸರು ಹೊರಬಿದ್ದರೆ ಏನಾಗಬಹುದೆಂಬ ಅರಿವಿತ್ತು. ನಮ್ಮೂರಿನಲ್ಲಿ ಆ ಅರಿವು ಇನ್ನಷ್ಟು ಇರಬೇಕು. ಮಂಗಳೂರಿನ ಪಬ್ ಒಂದರಲ್ಲಿ ಹೆಣ್ಣುಮಕ್ಕಳ ಮೇಲೆ 2009ರ ಜನವರಿಯಲ್ಲಿ, ಹೋಂಸ್ಟೇ ಒಂದರಲ್ಲಿ ಸೇರಿದ್ದ ಯುವಕ ಯುವತಿಯರ ಮೇಲೆ 2012ರ ಜುಲೈಯಲ್ಲಿ ಹಲ್ಲೆ ನಡೆದದ್ದನ್ನು ದೇಶವೇ ನೋಡಿದೆ. ಒಬ್ಬಳು ಯಾರೊಡನೆ ಕುಳಿತಿದ್ದಳು ಎಂಬುದೇ ಅಪಾಯಕ್ಕೆ ಕಾರಣವಾಗಬಲ್ಲ ನೆಲದಲ್ಲಿ, ಅವಳು ಯಾವ ಪರೀಕ್ಷೆ ಮಾಡಿಸಿದಳು ಎಂಬುದು ಪ್ರಯೋಗಾಲಯದಿಂದ ಪಕ್ಕದ ಕ್ಯಾಂಟೀನಿಗೆ ಹೋಗಬಾರದು. ಇಲ್ಲಿ ಗೋಪ್ಯತೆ ಎಂಬುದು ಜೀವರಕ್ಷಣೆಯ ಕೆಲಸ, ಮತ್ತು ಅದನ್ನು ಹಾಗೆಂದೇ ಕಲಿಸಬೇಕು.

ಹದಿನೆಂಟಕ್ಕಿಂತ ಕಿರಿಯರ ವಿಷಯ ಬಂದಾಗ ತರಬೇತಿಯ ಕೋಣೆಯಲ್ಲಿ ಮೌನ ಕವಿಯುತ್ತದೆ, ಮತ್ತು ಈ ಮೌನ ನ್ಯಾಯವಾದದ್ದೇ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ನಿನ ಪ್ರಕಾರ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಹದಿನೇಳರ ಹುಡುಗಿ ತನ್ನಿಷ್ಟದ ಹುಡುಗನೊಡನೆ ಇದ್ದು ಗರ್ಭಿಣಿಯಾಗಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅದು ವರದಿಯಾಗಬೇಕಾದ ಪ್ರಕರಣ. ಪೊಲೀಸರ ಭಯಕ್ಕೆ ಅವಳು ಆಸ್ಪತ್ರೆಯ ಮೆಟ್ಟಿಲೇ ಹತ್ತದೆ, ಯಾರೋ ತಂದುಕೊಟ್ಟ ಮಾತ್ರೆಯನ್ನು ಲೆಕ್ಕವಿಲ್ಲದೆ ನುಂಗಿ ರಕ್ತಸ್ರಾವವಾಗಿ ಬರುತ್ತಾಳೆ. 2022ರ ಅದೇ ತೀರ್ಪು ಇಲ್ಲಿ ಒಂದು ದಾರಿಯನ್ನು ತೆರೆಯಿತು: ಹುಡುಗಿ ಮತ್ತು ಆಕೆಯ ಪೋಷಕರು ಕೋರಿದರೆ ವೈದ್ಯರು ಪೋಕ್ಸೋ ವರದಿಯಲ್ಲಿ ಅವಳ ಹೆಸರನ್ನೂ ಗುರುತನ್ನೂ ಕೊಡಬೇಕಾಗಿಲ್ಲ. ಈ ಮಾತನ್ನು ಕೇಳಿಯೇ ಇಲ್ಲ ಎನ್ನುವ ಅನುಭವಿ ಸಿಸ್ಟರ್‌ಗಳನ್ನು ನಾನು ಇಂದಿಗೂ ಭೇಟಿಯಾಗುತ್ತೇನೆ. ಕಾನೂನು ತಿಳಿದ ಮೇಲೂ ಅದನ್ನು ಹೇಳುವ ಕ್ರಮವನ್ನು ಕಲಿಯುವುದು ಉಳಿದೇ ಇರುತ್ತದೆ. ಹುಡುಗಿ ತನ್ನ ಕಥೆಯನ್ನೆಲ್ಲ ಹೇಳಿ ಮುಗಿಸಿದ ಮೇಲೆ ‘ಇದನ್ನು ನಾವು ಪೊಲೀಸರಿಗೆ ತಿಳಿಸಬೇಕಾಗುತ್ತದೆ’ ಎನ್ನುವುದು ನಂಬಿಕೆದ್ರೋಹ. ಏನನ್ನು ಗುಟ್ಟಾಗಿಡಬಲ್ಲೆ, ಏನನ್ನು ಇಡಲಾರೆ ಎಂಬುದನ್ನು ಅವಳು ಬಾಯಿ ತೆರೆಯುವ ಮೊದಲೇ ಹೇಳಬೇಕು. ಆ ಎರಡು ವಾಕ್ಯಗಳನ್ನು ಹೆದರಿಸದೆ ಹೇಳಲು ತರಬೇತಿಯಲ್ಲಿ ಅರ್ಧ ದಿನ ಕೊಟ್ಟರೂ ಹೆಚ್ಚಲ್ಲ ಎಂದು ನಾನು ನಂಬುತ್ತೇನೆ.

ಲೈಂಗಿಕ ದೌರ್ಜನ್ಯಕ್ಕೊಳಗಾದವರ ತಪಾಸಣೆಯ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿಯೇ ಮಾರ್ಗಸೂಚಿ ಕೊಟ್ಟಿದೆ. ಹೆಣ್ಣಿಗೆ ಸಂಭೋಗದ ರೂಢಿಯಿದೆಯೇ ಎಂದು ಯೋನಿಯೊಳಗೆ ಬೆರಳು ಹಾಕಿ ನೋಡುವ ಎರಡು ಬೆರಳಿನ ಪರೀಕ್ಷೆಯನ್ನು ಮಾಡುವವರು ದುರ್ನಡತೆಯ ತಪ್ಪಿಗೆ ಗುರಿಯಾಗುತ್ತಾರೆ, ಅದನ್ನು ವೈದ್ಯಕೀಯ ಪಠ್ಯದಿಂದಲೂ ತೆಗೆಯಿರಿ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರಿನಲ್ಲಿ ಹೇಳಿತು. ಪಠ್ಯವನ್ನು ತಿದ್ದುವುದೂ ನೇರವಾದ ದಾರಿಯಲ್ಲ: ಸಲಿಂಗ ಸಂಬಂಧ ಅಪರಾಧವಲ್ಲವೆಂಬ ತೀರ್ಪು 2018ರಲ್ಲಿಯೇ ಬಂದಿದ್ದರೂ, ರಾಷ್ಟ್ರೀಯ ವೈದ್ಯಕೀಯ ಆಯೋಗ 2024ರ ಆಗಸ್ಟಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಅದು ಮತ್ತೆ ಅಸ್ವಾಭಾವಿಕ ಅಪರಾಧಗಳ ಸಾಲಿಗೆ ಸೇರಿ, ವಿರೋಧ ಬಂದ ಮೇಲೆ ಸೆಪ್ಟೆಂಬರಿನಲ್ಲಿ ಆ ಮಾರ್ಗಸೂಚಿಯನ್ನು ಹಿಂಪಡೆಯಬೇಕಾಯಿತು.

ಮಾತನ್ನು ಕಡೆಗಣಿಸಿದರೆ ಔಷಧಿಯೂ ತಪ್ಪುತ್ತದೆ ಎಂಬುದಕ್ಕೆ ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡುವ ಸುರಕ್ಷಾ ಕ್ಲಿನಿಕ್‌ಗಳ ಬಣ್ಣದ ಔಷಧಿ ಕಿಟ್‌ಗಳೇ ಸಾಕ್ಷಿ. ಲಕ್ಷಣ ನೋಡಿ ಚಿಕಿತ್ಸೆ ಕೊಡುವ ಈ ವ್ಯವಸ್ಥೆಯಲ್ಲಿ ಯೋನಿಯ ಸೋಂಕಿಗೆ ಹಸಿರು ಕಿಟ್, ಗರ್ಭಕೊರಳಿನ ಸೋಂಕಿಗೆ ಬೂದು ಕಿಟ್. ಬಿಳಿ ಹೋಗುತ್ತದೆ ಎಂದು ಬಂದ ಹೆಂಗಸಿಗೆ ಯಾವುದು ಬೇಕೆಂದು ತಿಳಿಯಲು ಸ್ಪೆಕ್ಯುಲಮ್ ಹಾಕಿ ನೋಡಬೇಕು, ಗಂಡನಿಗೆ ಅಥವಾ ಸಂಗಾತಿಗೆ ಉರಿ, ಹುಣ್ಣು, ಸ್ರಾವ ಇದೆಯೇ ಎಂದು ಕೇಳಬೇಕು. ಕೇಳಲು ಮುಜುಗರಪಟ್ಟ ಸಿಸ್ಟರ್ ಹಸಿರನ್ನು ಕೊಟ್ಟು ಕಳುಹಿಸುತ್ತಾರೆ. ಎರಡು ತಿಂಗಳ ಬಳಿಕ ಆ ಹೆಂಗಸು ಅದೇ ತೊಂದರೆಯೊಡನೆ ಹಿಂದಿರುಗುತ್ತಾಳೆ. ಮಲ್ಪೆಯ ಬಂದರಿನಲ್ಲಿ ವರ್ಷದ ಹೆಚ್ಚು ಕಾಲ ಕಡಲಲ್ಲಿರುವ ಹೊರರಾಜ್ಯದ ಗಂಡಸರ ಬಳಿ ಈ ಪ್ರಶ್ನೆಯನ್ನು ಯಾವ ಭಾಷೆಯಲ್ಲಿ, ಯಾರು ಕೇಳಬೇಕೆಂಬುದು ಪ್ರತ್ಯೇಕ ಬರಹಕ್ಕೆ ವಸ್ತು.

ವೈದ್ಯರ ತರಬೇತಿಯಲ್ಲಿಯೂ ಇದೇ ಕೊರತೆ ಇದೆ. ತಜ್ಞರಲ್ಲದ ಎಂ.ಬಿ.ಬಿ.ಎಸ್. ವೈದ್ಯರು ಮೊದಲ ಹನ್ನೆರಡು ವಾರಗಳ ಗರ್ಭಪಾತ ಮಾಡಲು ಅರ್ಹರಾಗುವುದು, ಮಾನ್ಯತೆ ಪಡೆದ ಕಡೆ 25 ಪ್ರಕರಣಗಳಲ್ಲಿ ನೆರವಾಗಿ, ಅವುಗಳಲ್ಲಿ ಕನಿಷ್ಠ 5ನ್ನು ಸ್ವತಂತ್ರವಾಗಿ ನಿರ್ವಹಿಸಿದ ಮೇಲೆ. ಕೈಗೆ ಇಂಥ ಸ್ಪಷ್ಟವಾದ ಸಂಖ್ಯೆಯಿರುವುದು ಒಳ್ಳೆಯದೇ. ಆ 25 ಹೆಣ್ಣುಮಕ್ಕಳೊಡನೆ ಹೇಗೆ ಮಾತನಾಡಿದರು ಎಂಬುದನ್ನೂ ಯಾರಾದರೂ ಕುಳಿತು ಕೇಳಿಸಿಕೊಂಡಿರಬೇಕು ಎಂದು ನಾನು ಬಯಸುತ್ತೇನೆ.

ಹಾಗೆ ನೋಡಿದರೆ ಈ ವಿದ್ಯೆ ನಮ್ಮಲ್ಲಿ ಇಲ್ಲವೆಂದಲ್ಲ. ಅದು ಪಠ್ಯದಲ್ಲಿಲ್ಲ, ಆಶಾ ಕಾರ್ಯಕರ್ತೆಯರ ಕೈಯಲ್ಲಿದೆ. ಒಬ್ಬರು ಹೇಳಿದ್ದನ್ನು ನಾನು ಈಗ ಪ್ರತಿ ತರಬೇತಿಯಲ್ಲೂ ಬಳಸುತ್ತೇನೆ. ಬಂಟ್ವಾಳದ ಕಡೆಯ ಹಳ್ಳಿಯ ಮನೆ; ಜಗಲಿಯಲ್ಲಿ ಅತ್ತೆ, ಸೊಸೆ, ನಾದಿನಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಾರೆ. ಸೊಸೆಗೆ ಏನೋ ಹೇಳುವುದಿದೆ, ಅದು ಅವಳು ಎಲೆ ಕತ್ತರಿಸುವ ಕೈ ನಿಧಾನವಾದುದರಲ್ಲಿಯೇ ಗೊತ್ತಾಗುತ್ತದೆ. ಆಶಾ ಕಾರ್ಯಕರ್ತೆ ಅವಳನ್ನು ಏನೂ ಕೇಳುವುದಿಲ್ಲ. ಅತ್ತೆಯ ಬಿ.ಪಿ. ಮಾತ್ರೆಯ ವಿಚಾರ, ಮಂಡಿನೋವಿನ ವಿಚಾರ ಎಲ್ಲ ಮುಗಿಸಿ, ಚಹಾ ಕುಡಿದು, ಎದ್ದು ನಿಂತು ‘ತೋಟದಾಚೆಯ ಮನೆಗೆ ಹೋಗಬೇಕಿತ್ತು, ಸಂಕ ದಾಟುವುದು ಗೊತ್ತಾಗುವುದಿಲ್ಲ, ಇವಳನ್ನೊಮ್ಮೆ ಕಳುಹಿಸುತ್ತೀರಾ?’ ಎನ್ನುತ್ತಾರೆ. ಅಡಿಕೆ ತೋಟದ ನಡುವಿನ ಆ ಹತ್ತು ನಿಮಿಷದ ದಾರಿಯಲ್ಲಿ, ಒಬ್ಬರ ಮುಖ ಒಬ್ಬರು ನೋಡಬೇಕಾದ ಒತ್ತಾಯವಿಲ್ಲದೆ ಮುಂದೆ ಹಿಂದೆ ನಡೆಯುತ್ತಿರುವಾಗ, ಸೊಸೆ ತನಗೆ ಈಗಲೇ ಇನ್ನೊಂದು ಮಗು ಬೇಡವೆಂದೂ, ಕಾಪರ್-ಟಿಯ ದಾರ ಗಂಡನಿಗೆ ತಿಳಿಯುತ್ತದೆಯೇ ಎಂಬ ಭಯವಿದೆಯೆಂದೂ ಹೇಳುತ್ತಾಳೆ. ಅಂತರಾ ಚುಚ್ಚುಮದ್ದಿನ ಮಾತು ಅಲ್ಲಿ ಬರುತ್ತದೆ. ಮುಟ್ಟು ಏರುಪೇರಾಗಬಹುದು, ಕೆಲವರಿಗೆ ನಿಂತೂ ಹೋಗಬಹುದು, ಅದರಿಂದ ಹೆದರಬೇಕಾಗಿಲ್ಲ ಎಂಬುದೂ ಅಲ್ಲಿಯೇ ಬರುತ್ತದೆ. ಈ ಒಂದು ಮಾತು ಮೊದಲೇ ಹೇಳದ ಕಾರಣಕ್ಕೆ ಎರಡನೆಯ ಚುಚ್ಚುಮದ್ದಿಗೆ ಬಾರದೆ ಉಳಿದವರು ಬಹಳ ಮಂದಿ.

ತರಬೇತಿ ಪಡೆಯಲು ಬಂದವರಿಂದ ತರಬೇತಿ ಕೊಡುವವರು ಇಂಥದನ್ನು ಸಂಗ್ರಹಿಸಿ, ಮುಂದಿನವರಿಗೆ ಕ್ರಮವಾಗಿ ಕಲಿಸುವ ವ್ಯವಸ್ಥೆ ಆಗಬೇಕು. ತುಳು ಮಾತನಾಡುವ ಹಳ್ಳಿಗಳ ಹೆಂಗಸರೊಡನೆ ಮುಟ್ಟಿನ ವಿಷಯವನ್ನು ನಾನು ಚಿತ್ರಪಟದಿಂದ ಆರಂಭಿಸುವುದನ್ನು ಬಿಟ್ಟು ಕೆಡ್ಡಸದಿಂದ ಆರಂಭಿಸತೊಡಗಿದ್ದು ಹೀಗೆಯೇ, ಒಬ್ಬ ಹಿರಿಯ ಕಾರ್ಯಕರ್ತೆಯ ಸಲಹೆಯಿಂದ. ಭೂಮಿತಾಯಿ ಮುಟ್ಟಾಗುತ್ತಾಳೆಂದು ಮೂರು ದಿನ ನೆಲವನ್ನು ಅಗೆಯದೆ, ಉಳದೆ ಬಿಟ್ಟು, ಕೊನೆಯ ದಿನ ಎಣ್ಣೆ ಹೊಯ್ಯುವ ಆಚರಣೆಯ ಬಗ್ಗೆ ಎಲ್ಲರೂ ಸಂಕೋಚವಿಲ್ಲದೆ ಮಾತನಾಡುತ್ತಾರೆ. ಅಲ್ಲಿಂದ ತಮ್ಮ ಮನೆಯ ಮಗಳ ಮಾತಿಗೆ, ಅವಳ ರಕ್ತಹೀನತೆಗೆ, ತಿಂಗಳಿಗೆ ಎಷ್ಟು ದಿನ ಸ್ರಾವವಾದರೆ ವೈದ್ಯರಿಗೆ ತೋರಿಸಬೇಕೆಂಬುದಕ್ಕೆ ಬರುವುದು ಕಷ್ಟವಾಗುವುದಿಲ್ಲ.

ಆರೋಗ್ಯ ಕಾರ್ಯಕರ್ತೆಯೂ ಇದೇ ಊರಿನವಳು, ಇದೇ ನಾಚಿಕೆಯಲ್ಲಿ ಬೆಳೆದವಳು ಎಂಬುದನ್ನು ತರಬೇತಿ ರೂಪಿಸುವವರು ಮರೆಯಬಾರದು. ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ನಲ್ಲಿ ಆಪ್ತಸಮಾಲೋಚನೆ ಮಾಡಬೇಕಾದ ಸಿಸ್ಟರ್, ತನ್ನ ಸ್ವಂತ ಮಗಳೊಡನೆ ಈ ಮಾತುಗಳನ್ನು ಆಡಿರುವುದಿಲ್ಲ. ತನ್ನ ನಂಬಿಕೆಯನ್ನು ಬಿಟ್ಟುಕೊಡಬೇಕೆಂದು ನಾನು ಯಾರನ್ನೂ ಕೇಳುವುದಿಲ್ಲ. ಅದನ್ನು ಎದುರಿಗೆ ಕುಳಿತವಳ ಚಿಕಿತ್ಸೆಯಲ್ಲಿ ತರಬಾರದು ಎನ್ನುತ್ತೇನೆ, ಮತ್ತು ಹಾಗೆ ಮಾಡಲು ಮೊದಲು ತನ್ನ ನಂಬಿಕೆ ಏನೆಂದು ತನಗೇ ಗೊತ್ತಾಗಬೇಕು. ಹೆಂಗಸರಷ್ಟೇ ಇರುವ ಕೋಣೆಯಲ್ಲಿ, ಅಧಿಕಾರಿಗಳು ಹೊರಗೆ ಹೋದ ಮೇಲೆ, ತಮ್ಮ ಮೊದಲ ಮುಟ್ಟಿನ ದಿನ ಮನೆಯಲ್ಲಿ ಏನು ಹೇಳಿದರು, ತಮ್ಮ ಹೆರಿಗೆಯಲ್ಲಿ ಯಾರು ಗದರಿಸಿದರು ಎಂದು ಅವರು ಮಾತನಾಡತೊಡಗಿದಾಗ ಮಧ್ಯಾಹ್ನದ ಊಟ ತಡವಾಗುತ್ತದೆ. ಆ ಮಾತುಗಳ ನಂತರ ಅವರು ರೋಗಿಯ ಪಾತ್ರವನ್ನು ಬೇರೆಯೇ ರೀತಿಯಲ್ಲಿ ಆಡುತ್ತಾರೆ.

ಇಷ್ಟೆಲ್ಲ ಆಗಿ ಪ್ರಮಾಣಪತ್ರ ಹಂಚಿ, ಗುಂಪು ಚಿತ್ರ ತೆಗೆದುಕೊಂಡ ಮೇಲೆ ಏನಾಗುತ್ತದೆ ಎಂಬುದು ನನ್ನ ದೊಡ್ಡ ಚಿಂತೆ. ಮೂರು ತಿಂಗಳ ಬಳಿಕ ಅನುಭವಿಯೊಬ್ಬರು ಆ ಉಪಕೇಂದ್ರಕ್ಕೆ ಹೋಗಿ, ಬಂದವರ ಅನುಮತಿ ಪಡೆದು ಅರ್ಧ ದಿನ ಸುಮ್ಮನೆ ಕುಳಿತು, ಆಮೇಲೆ ಸಿಸ್ಟರ್ ಜೊತೆ ಬಾಗಿಲು ಮುಚ್ಚಿಕೊಂಡು ಮಾತನಾಡಿದರೆ ಅದು ಇನ್ನೊಂದು ಐದು ದಿನದ ಶಿಬಿರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಅಲ್ಲಿ ಕುಳಿತಾಗಲೇ ಕಾಣುವ ಸಂಗತಿಗಳಿವೆ. ಪರೀಕ್ಷಾ ಮೇಜಿನಲ್ಲಿ ಮಲಗಿದವರ ಕಾಲುಗಳು ಬಾಗಿಲಿಗೆ ಮುಖ ಮಾಡುತ್ತವೆ; ಪರದೆ ಇದೆ, ಅದರ ಕಂಬಿ ಮುರಿದಿದೆ; ಅಟೆಂಡರ್ ಬಕೆಟ್ ತೆಗೆದುಕೊಳ್ಳಲು ನಡುವೆ ಒಳಬರುತ್ತಾರೆ. ಇವುಗಳಲ್ಲಿ ಹೆಚ್ಚಿನವು ಒಬ್ಬ ಬಡಗಿಯ ಕೂಲಿಯಲ್ಲಿ ಸರಿಯಾಗುವಂಥವು. ಚೀಟಿ ಮಾಡಿಸುವ ಕೌಂಟರಿನಲ್ಲಂತೂ ಗಾಜಿನ ತೂತಿನ ಮೂಲಕ ‘ಏನು ತೊಂದರೆ? ಜೋರಾಗಿ ಹೇಳಿ’ ಎಂಬ ಮಾತು ಹಿಂದಿನ ಸಾಲಿಗೆಲ್ಲ ಕೇಳಿಸುತ್ತದೆ, ಮತ್ತು ವೈದ್ಯರು, ಸಿಸ್ಟರ್, ಆಶಾ ಎಲ್ಲರಿಗಿಂತ ಮೊದಲು ಆ ಹುಡುಗಿಯೊಡನೆ ಮಾತನಾಡುವವರು ಅಲ್ಲಿ ಕುಳಿತಿರುವ ಗುಮಾಸ್ತರು. ಯಾವ ತರಬೇತಿಗೂ ಅವರನ್ನು ಕರೆದದ್ದನ್ನು ನಾನು ಕಂಡಿಲ್ಲ. ಮುಂದಿನ ಬ್ಯಾಚಿನ ಪಟ್ಟಿಗೆ ಅವರನ್ನೂ, ಅಟೆಂಡರ್‌ಗಳನ್ನೂ, ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯವರನ್ನೂ ಸೇರಿಸಬೇಕೆಂದು ತಾಲ್ಲೂಕಿನ ಅಧಿಕಾರಿಗಳಿಗೆ ಬರೆದುಕೊಟ್ಟಿದ್ದೇನೆ.